1800ರ ಮಳೆಗಾಲದ ಯುದ್ಧ: ರಾಣೆಬೆನ್ನೂರು–ಹಾವೇರಿ ಸೀಮೆಯಲ್ಲಿ ಧೋಂಡಿಯಾ ವಾಘ್ ಮತ್ತು ವೆಲ್ಲೆಸ್ಲಿ

1800ರ ಜೂನ್ 27ರಂದು ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಡೆ ರಾಣೆಬೆನ್ನೂರಿನ ಕೋಟೆಗೆ ಲಗ್ಗೆ ಹಾಕಿ ಅದನ್ನು ಹಿಡಿಯಿತು. ಮುಂಚೂಣಿಯ ತುಕಡಿಯ ಮೇಲೆ ಕೋಟೆಯೊಳಗಿಂದ ಗುಂಡು ಹಾರಿದ್ದೇ ಲಗ್ಗೆಗೆ ಕಾರಣವೆಂದು ಇಂಗ್ಲಿಷ್ ವರದಿಗಳು ಹೇಳುತ್ತವೆ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಡ್ಯೂಕ್ ಈತನೇ. ಆಗ ಅವನಿಗೆ 31 ವರ್ಷ. ವೆಲ್ಲಿಂಗ್ಟನ್ನನ ಜೀವನಚರಿತ್ರೆಗಳಲ್ಲಿ ಈ ಕಾಳಗಕ್ಕೆ ದೊರೆಯುವುದು ಒಂದೆರಡು ಪುಟ. ನಮ್ಮ ಪಠ್ಯಗಳಲ್ಲಿ ಅದೂ ಇಲ್ಲ. ಧೋಂಡಿಯಾ ವಾಘ್ ಎಂಬ ದರೋಡೆಕೋರನ ಬೇಟೆ ಎಂಬ ಹಣೆಪಟ್ಟಿಯೊಂದಿಗೆ ಇಡೀ ಪ್ರಕರಣವನ್ನು ಮೂಲೆಗೆ ತಳ್ಳಲಾಗಿದೆ. ನನ್ನ ವಾದ ಬೇರೆ. ಇದು ಶ್ರೀರಂಗಪಟ್ಟಣದ ಪತನದೊಂದಿಗೆ ಮುಗಿಯಿತೆನ್ನಲಾದ ಮೈಸೂರು ಯುದ್ಧದ ಕೊನೆಯ ಅಧ್ಯಾಯ. ತುಂಗಭದ್ರೆಗೂ ಮಲಪ್ರಭೆಗೂ ನಡುವಿನ ಎರೆನೆಲ ಮತ್ತು ಮಳೆಗಾಲದ ಹೊಳೆಗಳು ಅದರ ಗತಿಯನ್ನು ನಿರ್ಧರಿಸಿದವು.

ಕಾರಣಗಳನ್ನು ಹುಡುಕಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ, ಅಷ್ಟೇ ಅಲ್ಲ, ಅಟ್ಲಾಂಟಿಕ್‌ನ ಆಚೆ ದಡಕ್ಕೂ ಹೋಗಬೇಕು. 1775ರಲ್ಲಿ ಅಮೆರಿಕದ ವಸಾಹತುಗಳು ಬ್ರಿಟನ್ನಿನ ವಿರುದ್ಧ ಶಸ್ತ್ರ ಹಿಡಿದವು. 1778ರಲ್ಲಿ ಫ್ರಾನ್ಸ್ ಅವುಗಳ ಪಕ್ಷ ವಹಿಸಿತು. ಅದರ ಬಿಸಿ ಮಲಬಾರಿನ ಕರಾವಳಿಗೆ ತಟ್ಟಲು ತಡವಾಗಲಿಲ್ಲ. 1779ರ ಮಾರ್ಚಿನಲ್ಲಿ ಇಂಗ್ಲಿಷರು ಫ್ರೆಂಚರ ಮಾಹೆಯನ್ನು ವಶಪಡಿಸಿಕೊಂಡರು. ಮಾಹೆ ತನ್ನ ರಕ್ಷಣೆಯಲ್ಲಿದೆ ಎಂದು ಹೈದರ್ ಅಲಿ ಮೊದಲೇ ಎಚ್ಚರಿಸಿದ್ದ. ಮರುವರ್ಷ ಅವನ ದಂಡು ಕರ್ನಾಟಿಕ್ ಬಯಲಿಗೆ ಇಳಿಯಿತು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಕರ್ನಲ್ ಬೈಲಿಯ ಪಡೆ ನುಚ್ಚುನೂರಾಯಿತು. ಈ ಸುದ್ದಿ ಅಮೆರಿಕದಲ್ಲಿ ಎಷ್ಟು ಹರಡಿತ್ತೆಂದರೆ, ಪೆನ್ಸಿಲ್ವೇನಿಯದ ಯುದ್ಧನೌಕೆಯೊಂದು ಹೈದರ್ ಅಲಿಯ ಹೆಸರನ್ನೇ ಹೊತ್ತಿತ್ತು. 1782ರ ಏಪ್ರಿಲ್‌ನಲ್ಲಿ ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಕಸಿದುಕೊಂಡ.

ಎರಡು ಯುದ್ಧಗಳ ಫಲ ಮಾತ್ರ ಬೇರೆಯಾಯಿತು. ಅಮೆರಿಕದವರಿಗೆ ಫ್ರೆಂಚ್ ನೌಕಾಪಡೆ ಯಾರ್ಕ್‌ಟೌನ್‌ನಲ್ಲಿ ಸಕಾಲಕ್ಕೆ ಒದಗಿತು, ಯುದ್ಧವನ್ನು ನಡೆಸಲು ಒಂದು ಕಾಂಗ್ರೆಸ್ ಇತ್ತು. ಮೈಸೂರಿನ ಪಾಲಿಗೆ, 1783ರಲ್ಲಿ ಯುರೋಪಿನ ಶಾಂತಿಯ ಸುದ್ದಿ ಬಂದೊಡನೆ ಮಂಗಳೂರಿನ ಮುತ್ತಿಗೆಯಲ್ಲಿದ್ದ ಫ್ರೆಂಚರು ಕೈಬಿಟ್ಟರು. ನೆರೆಯ ಮರಾಠರೂ ನಿಜಾಮನೂ ಟಿಪ್ಪುವಿನ ವಿರುದ್ಧವೇ ಇಂಗ್ಲಿಷರ ಜೊತೆಗೂಡಿದರು.

ಈ ಮೈಸೂರು ಸೈನ್ಯದ ಕುದುರೆಪಡೆಯಲ್ಲೇ ಬೆಳೆದವನು ಚನ್ನಗಿರಿಯ ಧೋಂಡಿಯಾ ವಾಘ್. ಮೂರನೆಯ ಮೈಸೂರು ಯುದ್ಧದ ಗೊಂದಲದಲ್ಲಿ ಅವನು ದಂಡು ಬಿಟ್ಟು ಲಕ್ಷ್ಮೇಶ್ವರದ ಕಡೆ ನೆಲೆ ಹುಡುಕಿದ. 1793ರಲ್ಲಿ ಮರಾಠರಿಂದ ಹಾವೇರಿಯನ್ನು ಕಿತ್ತುಕೊಂಡು ಸವಣೂರಿಗೆ ಮುತ್ತಿಗೆ ಹಾಕಿದ. ಮರಾಠ ಸೇನಾನಿ ಧೋಂಡೋಪಂತ ಗೋಖಲೆ ಬೆನ್ನಟ್ಟಿದಾಗ 1794ರಲ್ಲಿ ಟಿಪ್ಪುವಿನ ಆಶ್ರಯಕ್ಕೆ ಹೋದ. ಅಲ್ಲಿ ಮತಾಂತರವಾಗಿ ಮಲಿಕ್ ಜಹಾನ್ ಖಾನ್ ಎಂಬ ಹೆಸರು ಬಂತು; ಸ್ವಲ್ಪದರಲ್ಲೇ ಸೆರೆಮನೆಯೂ ಒದಗಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಿದ್ದವರಲ್ಲಿ ಅವನೂ ಒಬ್ಬ.

ಅಂದು ಮೈಸೂರಿನ ಸೈನ್ಯಕ್ಕೆ ಸಂಬಳ ಕೊಡುವ ದೊರೆ ಇರಲಿಲ್ಲ. ಯುದ್ಧದ ಹೊರತು ಬೇರೆ ಕಸುಬು ಕಲಿಯದ ಸವಾರರು ಒಂದೇ ದಿನದಲ್ಲಿ ನಿರುದ್ಯೋಗಿಗಳಾದರು. ಅವರನ್ನು ಕೂಡಿಸಿಕೊಂಡೇ ಧೋಂಡಿಯಾ ಬಿದನೂರು ಸೀಮೆಯಲ್ಲಿ ತಲೆಯೆತ್ತಿದ. 1799ರ ಆಗಸ್ಟಿನಲ್ಲಿ ಇಂಗ್ಲಿಷರ ಸ್ಟೀವನ್ಸನ್ ಮತ್ತು ಡಾಲ್ರಿಂಪಲ್ ಪಡೆಗಳು ಅವನನ್ನು ಶಿಕಾರಿಪುರದಿಂದ ಗಡಿಯಾಚೆಗೆ, ಮರಾಠರ ಸೀಮೆಗೆ ಅಟ್ಟಿದವು. ಅವನು ಅಲ್ಲೇ ಬೆಳೆದ. ಪುಣೆಯಲ್ಲಿ ಪೇಶ್ವೆಯ ಮಂತ್ರಿ ನಾನಾ ಫಡ್ನವೀಸ 1800ರ ಮಾರ್ಚಿನಲ್ಲಿ ತೀರಿಕೊಂಡ ಮೇಲೆ ಈ ದಕ್ಷಿಣದ ಗಡಿಯನ್ನು ಹಿಡಿತದಲ್ಲಿಡಬಲ್ಲ ಕೈ ಉಳಿದಿರಲಿಲ್ಲ. ಉಭಯ ಲೋಕಾಧೀಶ್ವರ ಎಂಬ ಬಿರುದನ್ನು ಧರಿಸಿದ ಧೋಂಡಿಯಾನನ್ನು ಕಂಪನಿ ಸರ್ಕಾರ ಸುಮ್ಮನೆ ಬಿಡುವಂತಿರಲಿಲ್ಲ: ಹೊಸದಾಗಿ ಕಟ್ಟಿದ ಮೈಸೂರು ಸಂಸ್ಥಾನದ ಬಾಗಿಲಲ್ಲೇ ಟಿಪ್ಪುವಿನ ಹಳೆಯ ಸೈನಿಕರು ಇನ್ನೊಬ್ಬ ಒಡೆಯನನ್ನು ಕಂಡುಕೊಂಡಿದ್ದರು. ಮದರಾಸಿನ ಮುಖ್ಯ ಕಾರ್ಯದರ್ಶಿ ಜೋಸಯಾ ವೆಬ್ ಮೇ ತಿಂಗಳಲ್ಲಿ ಕಳುಹಿಸಿದ ಆಜ್ಞೆ ಚಿಕ್ಕದು: ಎಲ್ಲಿ ಸಿಕ್ಕಿದರೆ ಅಲ್ಲಿ ಹಿಡಿದು, ಎದುರಿಗೆ ಕಂಡ ಮರಕ್ಕೆ ನೇತುಹಾಕಬೇಕು. ಬಟಾವಿಯದ ದಂಡಯಾತ್ರೆಗೆ ಬಂದ ಆಹ್ವಾನವನ್ನು ಬಿಟ್ಟು ವೆಲ್ಲೆಸ್ಲಿ ಇತ್ತ ಹೊರಟ. ಬರಿಯ ಕಳ್ಳನೊಬ್ಬನಿಗಾಗಿ ಇಷ್ಟು ದೊಡ್ಡ ಸಿದ್ಧತೆ ನಡೆಯುವುದಿಲ್ಲ.

ಹರಿಹರದಲ್ಲಿ ತುಂಗಭದ್ರೆ ತುಂಬಿ ಹರಿಯುತ್ತಿತ್ತು. ತೊಗಲು ಹೊದಿಸಿದ ಹರಿಗೋಲುಗಳಲ್ಲಿ ಸೈನಿಕರು, ಫಿರಂಗಿಗಳು, ಧವಸ ಎಲ್ಲವೂ ದಾಟಬೇಕಿತ್ತು. ಅದರಲ್ಲೇ ಸುಮಾರು ಹತ್ತು ದಿನ ಕಳೆದವು. ದಾಟಿದ ಮೇಲೆ ಮೊದಲು ಎದುರಾದದ್ದು ರಾಣೆಬೆನ್ನೂರು. ಅದರ ಪತನದ ನಂತರ ದಂಡು ಇಂದಿನ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರು ಬಯಲನ್ನು ಹಾಯ್ದು ಹಾವೇರಿಗೂ, ಅಲ್ಲಿಂದ ವರದಾ ನದಿಯ ದಂಡೆಯ ದೇವಗಿರಿಗೂ ಸಾಗಿತು. ಈ ನಡುವೆ ಜೂನ್ 30ರಂದು ಕಿತ್ತೂರಿನ ಬಳಿ ಧೋಂಡಿಯಾ ಧೋಂಡೋಪಂತ ಗೋಖಲೆಯ ಮೇಲೆ ಎರಗಿ ಅವನನ್ನು ಕೊಂದ. ಹಳೆಯ ಹಗೆ ತೀರಿತು. ಇಂಗ್ಲಿಷರ ಮಿತ್ರರಾದ ಮರಾಠ ಪಡೆಗಳು ಚೆದುರಿಹೋದವು.

ಇಡೀ ಯುದ್ಧದಲ್ಲಿ ಧೋಂಡಿಯಾನಿಗೆ ಅತ್ಯಂತ ಅನುಕೂಲವಾಗಿದ್ದ ಗಳಿಗೆ ಅದು. ವೆಲ್ಲೆಸ್ಲಿ ಹಾವೇರಿ ಸೀಮೆಯಲ್ಲಿ, ಬೆನ್ನ ಹಿಂದೆ ತುಂಗಭದ್ರೆ, ಎದುರಿಗೆ ವರದೆ, ಎರಡೂ ತುಂಬಿದ ಹೊಳೆಗಳು. ಎರೆಮಣ್ಣು ಮಳೆಗೆ ನೆನೆದರೆ ಫಿರಂಗಿಯ ಗಾಲಿ ಹೂತುಹೋಗುತ್ತದೆಂಬುದನ್ನು ಈ ಊರುಗಳ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಲಘು ಸವಾರರ ನಾಯಕನೊಬ್ಬ ಈ ಸ್ಥಿತಿಯ ಲಾಭ ಪಡೆಯಬೇಕಿತ್ತು. ಆದದ್ದು ತಿರುಗುಮುರುಗು. ವೆಲ್ಲೆಸ್ಲಿಯ ಬಳಿ ಹರಿಗೋಲುಗಳಿದ್ದವು, ಲಂಬಾಣಿಗರ ಎತ್ತಿನ ಹೇರುಗಳಲ್ಲಿ ಧವಸವಿತ್ತು, ಧವಸಕ್ಕೆ ಕೊಡಲು ಹಣವಿತ್ತು. ಧೋಂಡಿಯಾನ ಸವಾರರು ಉಣ್ಣಬೇಕಾದದ್ದು ಹಳ್ಳಿಗಳನ್ನು ಸುಲಿದೇ. ಉಕ್ಕಿದ ಹೊಳೆಗಳು ಅವರ ಓಟಕ್ಕೇ ಕಟ್ಟೆ ಹಾಕಿದವು.

ಜುಲೈ ಎರಡನೆಯ ವಾರದಲ್ಲಿ ಇಂಗ್ಲಿಷ್ ದಂಡು ಸವಣೂರಿಗೆ ಬಂತು. 14ರಂದು ಕುಂದಗೋಳ ಬಿತ್ತು, ಶಿರಹಟ್ಟಿಯ ಮುತ್ತಿಗೆ ಸಡಿಲಿತು, 26ರಂದು ಡಂಬಳದ ಕೋಟೆ ಕೈಸೇರಿತು. 30ರಂದು ಮುನವಳ್ಳಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಧೋಂಡಿಯಾನ ಬಿಡಾರದ ಮೇಲೆ ಹಠಾತ್ ದಾಳಿ ನಡೆಯಿತು. ಹಿಂದೆ ಕುದುರೆಪಡೆ, ಮುಂದೆ ತುಂಬಿದ ಹೊಳೆ. ಸಾವಿರಾರು ಜನ ನೀರಿಗೆ ಹಾರಿದರು. ಫಿರಂಗಿಗಳೂ ಸರಂಜಾಮೂ ಹೋದ ಮೇಲೆ ಧೋಂಡಿಯಾನಿಗೆ ಉಳಿದದ್ದು ಓಟ ಮಾತ್ರ. ಒಂದು ಕಡೆಯಿಂದ ಸ್ಟೀವನ್ಸನ್, ಇನ್ನೊಂದು ಕಡೆಯಿಂದ ವೆಲ್ಲೆಸ್ಲಿ ಒತ್ತುತ್ತ ಬಂದರು. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ನಾಲ್ಕು ಕುದುರೆ ರೆಜಿಮೆಂಟುಗಳು ಒಂದೇ ಸಾಲಿನಲ್ಲಿ ಸುಮಾರು ಐದು ಸಾವಿರ ಸವಾರರ ಮೇಲೆ ನುಗ್ಗಿದವು. ಧೋಂಡಿಯಾ ಅಲ್ಲೇ ಸತ್ತ. ಪೊಲ್ಲಿಲೂರಿಗೆ ಸರಿಯಾಗಿ ಇಪ್ಪತ್ತು ವರ್ಷ ತುಂಬಿದ ದಿನ ಅದು. ಸಾಮಾನುಗಳ ನಡುವೆ ಸಿಕ್ಕಿದ ಅವನ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ತನ್ನ ಡೇರೆಗೆ ಕರೆಸಿ, ಮುಂದೆ ಅವನ ಪಾಲನೆಗೆ ಹಣ ಇಟ್ಟುಹೋದ. ಆ ಹುಡುಗ ಬೆಳೆದು ಮೈಸೂರು ದೊರೆಯ ಸೇವೆಗೆ ಸೇರಿ, 1822ರಲ್ಲಿ ಕಾಲರಾಕ್ಕೆ ಬಲಿಯಾದ.

ಈ ಮೂರು ತಿಂಗಳು ವೆಲ್ಲೆಸ್ಲಿಗೆ ಕಲಿಸಿದ್ದೇನು ಎಂಬುದಕ್ಕೆ ಅವನದೇ ಬರಹ ಸಾಕ್ಷಿ. 1801ರ ಸೆಪ್ಟೆಂಬರಿನ ಟಿಪ್ಪಣಿಯೊಂದರಲ್ಲಿ, ಮರಾಠರ ಮೇಲೆ ಯುದ್ಧ ಹೂಡಲು ಹೊಳೆಗಳು ತುಂಬಿರುವ ಮಳೆಗಾಲವೇ ಸೂಕ್ತವೆಂದು ಅವನು ವಾದಿಸುತ್ತಾನೆ. 1803ರ ಆಗಸ್ಟಿನಲ್ಲಿ ಹಾಗೆಯೇ ಯುದ್ಧ ಆರಂಭಿಸಿ, ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಗೆದ್ದ. ನೀರಿನ ಈ ಲೆಕ್ಕ ಮುಂದೆ ಅಮೆರಿಕದ ವಿಷಯದಲ್ಲೂ ಅವನ ಮಾತಿನಲ್ಲಿ ಕಾಣುತ್ತದೆ. 1812ರ ಜೂನ್ 18ರಂದು ಅಮೆರಿಕ ಮತ್ತೆ ಬ್ರಿಟನ್ನಿನ ಮೇಲೆ ಯುದ್ಧ ಸಾರಿತು. 1814ರಲ್ಲಿ ಆ ಯುದ್ಧದ ನೇತೃತ್ವ ವಹಿಸುವಂತೆ ವೆಲ್ಲಿಂಗ್ಟನ್ನನನ್ನು ಸರ್ಕಾರ ಕೇಳಿತು. ಅಲ್ಲಿನ ಸರೋವರಗಳಲ್ಲಿ ನೌಕಾಬಲದ ಮೇಲುಗೈ ಇಲ್ಲದೆ ತಾನು ಹೋಗಿಯೂ ಪ್ರಯೋಜನವಿಲ್ಲವೆಂದು ಅವನು ಉತ್ತರಿಸಿದ. ಆ ವರ್ಷದ ಡಿಸೆಂಬರ್ 24ರಂದು ಗೆಂಟ್ ಶಾಂತಿ ಒಪ್ಪಂದವಾಯಿತು. ನೀರನ್ನು ಹಿಡಿದವನು ನೆಲವನ್ನು ಹಿಡಿಯುತ್ತಾನೆಂಬ ಈ ವಿವೇಕಕ್ಕೆ ವರದೆ ಮತ್ತು ಮಲಪ್ರಭೆಯ ಅನುಭವದ ಪಾಲೂ ಇದೆ ಎಂದು ನಾನು ನಂಬುತ್ತೇನೆ.

ಧೋಂಡಿಯಾನನ್ನು ಸ್ವಾತಂತ್ರ್ಯ ವೀರನೆಂದು ಮೆರೆಸುವುದು ನನ್ನ ಉದ್ದೇಶವಲ್ಲ. 1793ರಲ್ಲೂ 1800ರಲ್ಲೂ ಅವನ ಸವಾರರ ಹಸಿವಿಗೆ ಬೆಲೆ ತೆತ್ತವರು ಇದೇ ಹಾವೇರಿ, ಸವಣೂರು ಸೀಮೆಯ ಒಕ್ಕಲುಮಕ್ಕಳು. 1764ರಲ್ಲಿ ರಟ್ಟೀಹಳ್ಳಿಯಲ್ಲಿ ಹೈದರನೂ ಪೇಶ್ವೆ ಮಾಧವರಾಯನೂ ಕಾದಾಡಿದಾಗಿನಿಂದ, 1786ರಲ್ಲಿ ಟಿಪ್ಪು ಸವಣೂರನ್ನು ಹಿಡಿದಾಗಿನಿಂದ, ದಂಡುಗಳ ಕಾಲ್ತುಳಿತಕ್ಕೆ ಸಿಕ್ಕ ನೆಲ ಇದು. ಆದರೆ ಅವನ ಹಿಂದೆ ನಿಂತವರು ಒಂದು ರಾಜ್ಯದ ಸೋತ ಸೈನಿಕರು. ಅವರ ಹೋರಾಟವನ್ನು ಪೊಲೀಸು ಕಾರ್ಯಾಚರಣೆಯೆಂದು ಕರೆದದ್ದು ಗೆದ್ದವರ ಅನುಕೂಲಕ್ಕೆ. ಅವರಿಗೆ ಸಂಬಳ ಕೊಡುವ ಖಜಾನೆಯಾಗಲಿ, ಕೈಹಿಡಿಯುವ ಮಿತ್ರರಾಷ್ಟ್ರವಾಗಲಿ ಇರಲಿಲ್ಲ. ಅಮೆರಿಕದ ದಂಗೆ ಗೆದ್ದದ್ದಕ್ಕೂ ಇದು ಸೋತದ್ದಕ್ಕೂ ಇರುವ ಅಂತರ ಮುಖ್ಯವಾಗಿ ಇದೇ.

ಈವರೆಗೆ ಬರೆದ ಕಥನ ಬಹುಪಾಲು ವೆಲ್ಲೆಸ್ಲಿಯ ಪತ್ರಗಳನ್ನೇ ನೆಚ್ಚಿಕೊಂಡಿದೆ. ಪುಣೆಯ ಪೇಶ್ವೆ ದಫ್ತರದ ಮೋಡಿ ಲಿಪಿಯ ಕಾಗದಗಳು, ಸವಣೂರು ನವಾಬರ ದಾಖಲೆಗಳು, ಊರೂರ ಕೈಫಿಯತ್ತುಗಳು ಒಟ್ಟಿಗೆ ಪರಿಶೀಲನೆಗೆ ಬರಬೇಕು. ಮೋಡಿ ಓದಬಲ್ಲ ತರುಣ ಸಂಶೋಧಕರನ್ನು ಧಾರವಾಡ, ಹಾವೇರಿಗಳ ವಿದ್ಯಾಸಂಸ್ಥೆಗಳು ಈ ಕೆಲಸಕ್ಕೆ ತೊಡಗಿಸಲಿ. ಮೊದಲ ಹೆಜ್ಜೆಯಾಗಿ 1800ರ ಜೂನ್, ಜುಲೈ ತಿಂಗಳ ಕಾಗದಗಳನ್ನೇ ಎತ್ತಿಕೊಳ್ಳಬಹುದು.