ಉದ್ಯೋಗ ತರಬೇತಿಯ ಫಲ: ಒಂದು ಪ್ರಯೋಗದ ವಿವೇಚನೆ

ನಿರುದ್ಯೋಗಿಗೆ ಕಸುಬನ್ನು ಕಲಿಸಿದರೆ ಅವನ ಸಂಕಷ್ಟ ಪರಿಹಾರವಾಗುವುದೆಂಬ ನಂಬಿಕೆ ಇಪ್ಪತ್ತನೆಯ ಶತಮಾನದ ಅನೇಕ ಸರ್ಕಾರಗಳಲ್ಲಿ ನೆಲೆಸಿತ್ತು. ಅದು ಯಾರ ವಿಷಯದಲ್ಲಿ ನಿಜವಾಯಿತೆಂಬುದನ್ನು ಅಮೆರಿಕಾ ಸಂಯುಕ್ತ ಸಂಸ್ಥಾನದ ಒಂದು ನಿದರ್ಶನದಿಂದ ಪರಿಶೀಲಿಸೋಣ.

ಯಂತ್ರಗಳ ಸುಧಾರಣೆಯಿಂದ ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸುವ ಉದ್ದೇಶದಿಂದ ಅಲ್ಲಿ 1962ರಲ್ಲಿ ಶಾಸನವೊಂದು ಜಾರಿಗೆ ಬಂದಿತು. ಕೆಲವೇ ವರ್ಷಗಳಲ್ಲಿ ಅದರ ಲಕ್ಷ್ಯ ಬಡವರ ಕಡೆಗೆ ತಿರುಗಿತು. ತರಬೇತಿ ಪಡೆದವರಲ್ಲಿ ಇಂತಿಷ್ಟು ಮಂದಿ ಕೆಲಸಕ್ಕೆ ಸೇರಿದರೆಂದು ಲೆಕ್ಕ ಒಪ್ಪಿಸುವುದು ಸುಲಭ. ಆದರೆ ಅವರಲ್ಲಿ ಎಷ್ಟು ಮಂದಿಗೆ ತರಬೇತಿಯಿಲ್ಲದೆಯೇ ಕೆಲಸ ದೊರೆಯುತ್ತಿತ್ತು? ಅಂತಹ ಲೆಕ್ಕ ಇದನ್ನು ಹೇಳಲಾರದು.

1975ರಲ್ಲಿ ಆರಂಭವಾದ 'ಸಪೋರ್ಟೆಡ್ ವರ್ಕ್' ಪ್ರಯೋಗವು ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಸರ್ಕಾರದ ಸಹಾಯಧನದಿಂದ ಬಹುಕಾಲ ಜೀವಿಸಿದ ತಾಯಂದಿರು, ಮಾದಕ ವ್ಯಸನದಿಂದ ಹೊರಬಂದವರು, ಸೆರೆಮನೆಯಿಂದ ಬಿಡುಗಡೆಯಾದವರು, ಶಾಲೆ ಬಿಟ್ಟ ತರುಣರು ಎಂಬ ನಾಲ್ಕು ವರ್ಗಗಳಿಗೆ ಮೇಲ್ವಿಚಾರಕರ ಅಡಿಯಲ್ಲಿ ಸುಮಾರು ಒಂದು ವರ್ಷ, ಕೆಲವೆಡೆ ಒಂದೂವರೆ ವರ್ಷ, ಸಂಬಳದ ಕೆಲಸ ಕೊಡಲಾಯಿತು. 10 ಸ್ಥಳಗಳ 6,000ಕ್ಕೂ ಹೆಚ್ಚು ಅರ್ಜಿದಾರರನ್ನು ಚೀಟಿಯೆತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಈ ಅವಕಾಶವಿತ್ತು, ಎರಡರ ಸಂಪಾದನೆಯನ್ನೂ ಹೋಲಿಸಲಾಯಿತು.

ಫಲ ಒಂದೇ ತೆರನಾಗಿರಲಿಲ್ಲ. ತಾಯಂದಿರಿಗೆ ಸ್ಪಷ್ಟವಾದ ಲಾಭವಾಯಿತು. ಅವರಲ್ಲಿಯೂ ಸಹಾಯಧನವನ್ನು ಅತಿ ದೀರ್ಘಕಾಲ ಪಡೆದವರಿಗೆ, ಹಿಂದೆ ಕೆಲಸ ಮಾಡಿ ಅರಿಯದವರಿಗೆ ಅದು ಅಧಿಕವಾಗಿತ್ತು. ವ್ಯಸನದಿಂದ ಹೊರಬಂದವರಿಗೂ ಕೆಲಮಟ್ಟಿಗೆ ಪ್ರಯೋಜನವಾಯಿತು. ತರುಣರಲ್ಲಿ ಮಾತ್ರ ಶಾಶ್ವತವಾದ ಪರಿಣಾಮ ಕಾಣಲಿಲ್ಲ. 1986ರಲ್ಲಿ ರಾಬರ್ಟ್ ಲಾಲಾಂಡ್ ಎಂಬ ಅರ್ಥಶಾಸ್ತ್ರಜ್ಞರು ಇದೇ ಅಂಕಿ ಅಂಶಗಳನ್ನು ಬಳಸಿ, ಚೀಟಿಯಿಂದ ಬೇರ್ಪಟ್ಟ ಗುಂಪಿಗೆ ಬದಲಾಗಿ ಸಾಮಾನ್ಯ ಸಮೀಕ್ಷೆಗಳ ಜನರೊಡನೆ ಹೋಲಿಸಿದರೆ ತೀರ್ಮಾನ ಬಹಳವಾಗಿ ತಪ್ಪಬಹುದೆಂದು ತೋರಿಸಿದರು.

ಇದರಿಂದ ನಮಗೆ ತೋರುವುದಿಷ್ಟು. ಕೆಲಸಕ್ಕೆ ಸೇರಿದವರ ಸಂಖ್ಯೆಯೇ ಅಳತೆಗೋಲಾದಲ್ಲಿ, ಹೇಗೂ ಕೆಲಸ ಸಿಗುವವರನ್ನು ಆರಿಸಿಕೊಳ್ಳಲು ಅಧಿಕಾರಿ ಮನಸ್ಸು ಮಾಡುವನು. ಯಾರ ಬಾಳನ್ನು ತರಬೇತಿ ನಿಜವಾಗಿ ಬದಲಿಸಬಲ್ಲುದೋ ಅವರು ಬಾಗಿಲ ಹೊರಗೆ ಉಳಿಯುವರು. ಚೀಟಿಯಲ್ಲಿ ಅವಕಾಶ ತಪ್ಪಿದವರಿಗೆ ನಷ್ಟವಾದುದು ನಿಜ. ಆದರೆ ತರಬೇತಿ ಯಾರಿಗೆ ಉಪಯುಕ್ತವೆಂಬ ಅರಿವು ದೊರೆತುದು ಅವರನ್ನೂ ಎಣಿಕೆಗೆ ತೆಗೆದುಕೊಂಡುದರಿಂದಲೇ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಮರೆಯಲಾಗದು.