ಕಾಡು ಭತ್ತದ ವಿಳಾಸ

ಬಿಟಿಎಂ ಲೇಔಟ್ ಅಂದ್ರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ತಾವರೆಕೆರೆಯಲ್ಲಿ ಏನು ಬೆಳೀತಿತ್ತು ಅಂತ ಹೆಸರೇ ಹೇಳುತ್ತೆ. ಕಾಡು ಭತ್ತದಂಥ ಕೆರೆಯಂಚಿನ ಹುಲ್ಲಿಗೆ ಆ ಭಾಗ್ಯ ಇಲ್ಲ. ಅಂಥ ಗಿಡಗಳ ಲೆಕ್ಕ ಇರೋದು ಹರ್ಬೇರಿಯಂನಲ್ಲಿ. ಗಿಡವನ್ನು ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಎಲ್ಲಿ, ಯಾವತ್ತು, ಯಾರು ಕಿತ್ತದ್ದು ಅಂತ ಚೀಟಿ ಬರೆದಿಡ್ತಾರೆ.

ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನಾ ಮತ್ತು ಸಂಗಡಿಗರು ಹೀಗೇ ಗಿಡ ಕೂಡಿಸಿ, 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ದೊಡ್ಡ ಪುಸ್ತಕ ತಂದರು. 1984ರಲ್ಲಿ ಕರ್ನಾಟಕದ ಸಸ್ಯಗಳ ಮೊದಲ ಸಂಪುಟ ಬಂತು. ಆ ಹಾಳೆಗಳ ಸಂಗ್ರಹ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

ಇದರಿಂದ ರೈತರಿಗೇನು ಅಂತೀರಾ? ಕಾಡು ಭತ್ತ ಮಾಗುತ್ತಿದ್ದಂತೆ ಕಾಳು ಉದುರಿಸುತ್ತೆ. ಹಾಗಾಗಿ ಕಳೆ ಅಂತ ಕೀಳ್ತೀವಿ. ಆದರೆ 1970ರ ದಶಕದಲ್ಲಿ ಕಂದು ಜಿಗಿಹುಳು ಹರಡುವ ವೈರಸ್ ರೋಗ ಏಷ್ಯಾದ ಗದ್ದೆಗಳಲ್ಲಿ ಪೈರನ್ನು ಗಿಡ್ಡ ಮಾಡಿ ಕೆಡಿಸಿತು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಸಾವಿರಾರು ಮಾದರಿ ಜಾಲಾಡಿದಾಗ ರೋಗ ತಡೆದದ್ದು ಉತ್ತರ ಪ್ರದೇಶದಿಂದ ಹೋದ ಕಾಡು ಭತ್ತ, ಒರೈಝಾ ನಿವಾರ. ಅದರ ಗುಣ ಸೇರಿಸಿದ ತಳಿಗಳಲ್ಲೊಂದು 1976ರ ಐಆರ್ 36.

ಒಣಗಿದ ಹಾಳೆಯಿಂದ ತಳಿ ಮಾಡೋಕಾಗಲ್ಲ, ಜೀವ ಇರುವ ಬೀಜ ಬೇಕು. ಬೀಜ ಎಲ್ಲಿ ಹುಡುಕಬೇಕು ಅಂತ ಹಾಳೆ ಹೇಳುತ್ತೆ. ಆ ಜಾಗದಲ್ಲಿ ಕೆರೆ ಹೋಗಿ ಲೇಔಟ್ ಎದ್ದಿದ್ದರೆ ಬೀಜ ಎಲ್ಲಿಂದ ಬರಬೇಕು? ನಿಮ್ಮೂರ ಕೆರೆ ಹೂಳೆತ್ತುವಾಗ ಅಂಚನ್ನೆಲ್ಲಾ ಕೆರೆದು ಹಾಕಬೇಡಿ. ಒಂದು ಬದಿಯ ಹುಲ್ಲು, ಜೊಂಡು ಹಾಗೇ ಬಿಡಿ.