ಲೋಕಾಪುರದ ಸುಣ್ಣದ ಕಲ್ಲಿಗೆ ವಯಸ್ಸೆಷ್ಟು?

ಮುಧೋಳ ತಾಲೂಕಿನ ಲೋಕಾಪುರದ ಸುತ್ತಮುತ್ತ ನೆಲ ಅಗೆದರೆ ಸುಣ್ಣದ ಕಲ್ಲು. ಹಿಂದಿನವರು ಅದನ್ನು ಭಟ್ಟಿಯಲ್ಲಿ ಸುಟ್ಟು ಗೋಡೆಗೆ ಬಳಿದರು. ಈಗ ಸಿಮೆಂಟ್ ಕಾರ್ಖಾನೆಗಳು ಅರೆಯುತ್ತಿವೆ. ಬೀಳಗಿಯ ಕಡೆ ಹೊರಳಿದರೆ ಬೆಣಚು, ಮರಳುಗಲ್ಲಿನ ಗುಡ್ಡಗಳು. ಜಮಖಂಡಿ ದಾಟಿ, ಕೃಷ್ಣೆ ದಾಟಿ ವಿಜಯಪುರದತ್ತ ನಡೆದರೆ ಕರಿಕಲ್ಲು ಮತ್ತು ಅದು ಸವೆದು ಆದ ಎರೆಮಣ್ಣು. ಬಸ್ಸಿನಲ್ಲಿ ಕೂತು ಅರ್ಧ ದಿನದಲ್ಲಿ ಮುಗಿಸುವ ಈ ದಾರಿಯಲ್ಲಿ ನಾವು ನೂರು ಕೋಟಿಗೂ ಹೆಚ್ಚು ವರ್ಷಗಳನ್ನು ದಾಟಿರುತ್ತೇವೆ. ಇದನ್ನು ಲೆಕ್ಕ ಹಾಕಿದವರು ಯಾರು, ಹೇಗೆ?

ಲೆಕ್ಕದ ಮೊದಲ ದಾರಿ ತೋರಿದವರಲ್ಲಿ ವಿಲಿಯಂ ಸ್ಮಿತ್ ಮುಖ್ಯನಾದವನು. ಇಂಗ್ಲೆಂಡಿನಲ್ಲಿ ಕಾಲುವೆ ತೋಡಿಸುವಾಗ ಆತ ಒಂದು ಸಂಗತಿ ಗಮನಿಸಿದ: ಒಂದೊಂದು ಪದರದಲ್ಲಿ ಒಂದೊಂದು ಬಗೆಯ ಚಿಪ್ಪು, ಮತ್ತು ಎಲ್ಲಿ ನೋಡಿದರೂ ಅದೇ ಕ್ರಮ. ಆ ತಿಳಿವಳಿಕೆಯ ಮೇಲೆ 1815ರಲ್ಲಿ ಇಡೀ ದೇಶದ ಶಿಲಾನಕ್ಷೆಯನ್ನೇ ಬರೆದ. ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಾಲ್ಕಾರು ವರ್ಷ ಮಾತ್ರ ನಡೆದು, ಎಲ್ಲ ಪೇಟೆಗಳಲ್ಲೂ ಮಾರಾಟವಾಗಿ, ಮತ್ತೆ ಯಾರೂ ನೇಯದೆ ಹೋದ ದಡಿಯ ವಿನ್ಯಾಸ ಕಂಡರೆ ಸೀರೆ ಯಾವ ಕಾಲದ್ದೆಂದು ಹೇಳಬಹುದು. ಬಿಳಿ ಪಂಚೆ ನೋಡಿ ಹೇಳಲಾಗದು. ಸ್ವಲ್ಪ ಕಾಲ ಬದುಕಿ, ದೂರದೂರ ಹರಡಿ, ಗುರುತಿಗೆ ಸುಲಭವಾಗಿ ಸಿಗುವ ಜೀವಿಯ ಅವಶೇಷವೇ ಸೂಚಕ ಪಳೆಯುಳಿಕೆ.

ನಮ್ಮ ಸೀಮೆಯಲ್ಲಿ ಈ ವಿದ್ಯೆ ಮೊದಲ ಹೆಜ್ಜೆಗೇ ಎಡವುತ್ತದೆ. ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಶಿಲೆಗಳ ಬಗ್ಗೆ 1876ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದರು. ಆದರೆ ಕಲಾದಗಿಯ ಹೆಸರು ಹೊತ್ತ ಈ ಕಲ್ಲುಗಳಲ್ಲಿ ಚಿಪ್ಪಿಲ್ಲ, ಮೂಳೆಯಿಲ್ಲ. ಗಟ್ಟಿ ಚಿಪ್ಪಿನ ಜೀವಿಗಳು ಹೇರಳವಾದದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಈ ಸುಣ್ಣದ ಕಲ್ಲು ಅದಕ್ಕೂ ಬಹಳ ಹಿಂದಿನದು. ಸಿಗುವುದು ಸ್ಟ್ರೊಮಾಟೊಲೈಟ್ ಮಾತ್ರ: ಕಣ್ಣಿಗೆ ಕಾಣದ ಜೀವಿಗಳು ಆಳವಿಲ್ಲದ ನೀರಿನಲ್ಲಿ ಪದರದ ಮೇಲೆ ಪದರ ಕಟ್ಟಿದ ಗುಮ್ಮಟಗಳು. ಕಡಿದ ಕಲ್ಲಿನಲ್ಲಿ ಈರುಳ್ಳಿಯನ್ನು ಹೆಚ್ಚಿದಂತೆ ಸುರುಳಿ ಗೆರೆ ಕಾಣುತ್ತವೆ. ನೋಡಲು ಚೆಂದ, ಆದರೆ ಇವು ಬಿಳಿ ಪಂಚೆಯ ಜಾತಿಯವು. ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ ಇದ್ದವು, ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇಂದಿಗೂ ಬೆಳೆಯುತ್ತಿವೆ. ಹಾಗಾಗಿ ವಿಜ್ಞಾನಿಗಳು ಪದರಗಳನ್ನು ಸೀಳಿಕೊಂಡು ಮೇಲೆದ್ದ ಡಾಲರೈಟ್ ಕಲ್ಲಿನ ಅಡ್ಡಗೋಡೆಗಳತ್ತ ತಿರುಗಿದರು. ಸೀಳಿದ್ದಕ್ಕಿಂತ ಸೀಳಿಸಿಕೊಂಡದ್ದು ಹಳೆಯದಲ್ಲವೇ? ಅವುಗಳ ವಿಕಿರಣಶೀಲ ಧಾತುಗಳನ್ನು ಅಳೆದು, ಕೆಳಗಿನ ಪದರಗಳು ನೂರು ಕೋಟಿ ವರ್ಷಕ್ಕಿಂತ ಹಳೆಯವೆಂದು ಕಂಡುಕೊಂಡರು.

ಉತ್ತರದ ಕರಿಕಲ್ಲಿನ ಕಥೆಯೇ ಬೇರೆ. ಲಾವಾದ ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಬಿಡುವಿದ್ದಾಗ ಕೆರೆಗಳಾದವು, ಬಸವನಹುಳುಗಳು ಬಾಳಿದವು. ಗೋಕಾಕ ಭಾಗದ ಮಮದಾಪುರದಲ್ಲೂ ಅಂಥ ನಡುಪದರವಿದೆ. ದಖ್ಖನ್ನಿನ ಇಂಥ ಪದರಗಳ ಪ್ರಸಿದ್ಧ ಹುಳು ಫೈಸಾ ಪ್ರಿನ್ಸೆಪಿ. 1840ರಲ್ಲಿ ಅದಕ್ಕೆ ಹೆಸರಿಟ್ಟರು. ನಾಗಪುರದ ಪಾದ್ರಿ ಸ್ಟೀಫನ್ ಹಿಸ್ಲಾಪ್ ಇಂಥ ಚಿಪ್ಪುಗಳನ್ನೇ ನೆಚ್ಚಿ ಈ ಪದರಗಳನ್ನು ಡೈನೋಸಾರ್‌ಗಳ ನಂತರದ ಕಾಲಕ್ಕೆ ಸೇರಿಸಿದರು. ತೊಡಕು ಇಲ್ಲೇ. ಒಂದೂರಿನ ಪದರವನ್ನು ಇನ್ನೊಂದೂರಿನ ಪದರಕ್ಕೆ ಹೊಂದಿಸಲು ಈ ಹುಳು ಸಾಕು, ಆದರೆ ಹೊರಗಿನ ಕ್ಯಾಲೆಂಡರಿಗೆ ಜೋಡಿಸಲು ಸಾಲದು. ವಾದ ನೂರು ವರ್ಷ ಮೀರಿ ನಡೆಯಿತು. 1980ರ ದಶಕದ ಆರ್ಗಾನ್ ಅಳತೆಗಳು ಲಾವಾವನ್ನು ಸುಮಾರು 6.6 ಕೋಟಿ ವರ್ಷದ ಹತ್ತಿರ ತಂದು ನಿಲ್ಲಿಸಿದವು. 2008ರಲ್ಲಿ ಗೆರ್ಟಾ ಕೆಲ್ಲರ್ ಮತ್ತು ಸಂಗಡಿಗರು ಆಂಧ್ರದ ರಾಜಮಂಡ್ರಿಯ ನಡುಪದರದಲ್ಲಿ ಸಮುದ್ರದ ಸೂಕ್ಷ್ಮಜೀವಿಗಳಾದ ಫೊರಾಮಿನಿಫೆರಾಗಳನ್ನು ಓದಿದರು. ಜಗತ್ತಿನ ಸಮುದ್ರಗಳಲ್ಲೆಲ್ಲ ತೇಲಿದ ಜೀವಿಗಳವು, ಕಾಲವನ್ನು ಖಚಿತವಾಗಿ ಹೇಳಿದವು: ಅಲ್ಲಿನ ಕೆಳಗಿನ ಲಾವಾಕ್ಕೂ ಮೇಲಿನದಕ್ಕೂ ನಡುವಿನ ಈ ಮಣ್ಣು ಡೈನೋಸಾರ್‌ಗಳು ಅಳಿದ ಬೆನ್ನಿಗೇ ಕೂತದ್ದು. ಲಾವಾ ಹರಿವು ಎರಡೂ ಕಾಲಗಳಿಗೆ ಸೇರಿತ್ತು ಎಂದಾಯಿತು.

ನದಿ ಹೊತ್ತು ತಂದ ಮಣ್ಣು ತೀರ ಈಚಿನದು. ಮುಧೋಳಕ್ಕೆ ಬರುವ ಮುನ್ನ ಘಟಪ್ರಭೆ ಹಾಯುವ ಗೋಕಾಕ ಸೀಮೆಯ ಚಿಕ್ಕದೌಳಿಯ ಹಳ್ಳದಲ್ಲಿ ಫೂಟ್ ಅವರಿಗೆ ಘೇಂಡಾಮೃಗದ ಮೂಳೆಗಳು ಸಿಕ್ಕವು. 1874ರಲ್ಲಿ ಅದಕ್ಕೆ ದಖ್ಖನ್ನಿನ ಹೆಸರನ್ನೇ ಕೊಟ್ಟರು. ಮೂಳೆ ಯಾವ ಪದರದಲ್ಲಿತ್ತು ಎಂಬುದನ್ನೂ ಬರೆದಿಟ್ಟಿದ್ದರಿಂದಲೇ ಅದು ಇಂದಿಗೂ ಸಾಕ್ಷಿ. ಸುಣ್ಣದ ಗಣಿಗಳಲ್ಲಿ ಹಾಗೆ ಬರೆದಿಡುವವರು ಯಾರು? ಮದ್ದು ಸಿಡಿದಾಗ ಕಲ್ಲಿನ ಜೊತೆ ಆ ಸುರುಳಿ ಗೆರೆಗಳೂ ಲಾರಿ ಹತ್ತುತ್ತವೆ. ಎರಡು ಮೂರು ಕಲ್ಲುಮುಖಗಳನ್ನಾದರೂ ಹಾಗೇ ಉಳಿಸಿ, ಬೇಲಿ ಹಾಕಿ, ಶಾಲೆಯ ಮಕ್ಕಳಿಗೆ ತೋರಿಸಲು ಜಿಲ್ಲಾಡಳಿತಕ್ಕೆ ದೊಡ್ಡ ಖರ್ಚೇನೂ ಬಾರದು.